ಟರ್ಮಿನೇಟರ್ 2, ಜುರಾಸಿಕ್ ಪಾರ್ಕ್: ಒಂದೇ ಕೈಗಳು, ಎರಡು ದಾರಿ

ತೊಂಬತ್ತರ ದಶಕದ ಹಾಲಿವುಡ್ ಚಿತ್ರಗಳ ಮಾತು ಬಂದಾಗ ‘ಟರ್ಮಿನೇಟರ್ 2’ (1991) ಮತ್ತು ‘ಜುರಾಸಿಕ್ ಪಾರ್ಕ್’ (1993) ಎದುರುಬದುರು ನಿಲ್ಲುತ್ತವೆ. ಮೊದಲನೆಯದರಲ್ಲಿ ಭವಿಷ್ಯದಿಂದ ಬಂದ ಎರಡು ಯಂತ್ರಗಳು ಒಬ್ಬ ಹುಡುಗನನ್ನು ಹುಡುಕುತ್ತವೆ, ಎರಡನೆಯದರಲ್ಲಿ ಡಿಎನ್‌ಎಯಿಂದ ಮರುಹುಟ್ಟಿಸಿದ ಡೈನೊಸಾರ್‌ಗಳು ದ್ವೀಪದ ಉದ್ಯಾನವೊಂದರಲ್ಲಿ ಅಂಕೆ ಮೀರುತ್ತವೆ. ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಲು ಜನಪ್ರಿಯತೆಗಿಂತ ಗಟ್ಟಿಯಾದ ಕಾರಣವೊಂದಿದೆ: ಕೆಲಸ ಮಾಡಿದ ಕೈಗಳು ಬಹುಪಾಲು ಒಂದೇ. ಎರಡರಲ್ಲೂ ಕಂಪ್ಯೂಟರ್ ಗ್ರಾಫಿಕ್ಸ್ ಹೊಣೆ ಐಎಲ್‌ಎಂ (ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್) ಸಂಸ್ಥೆಯ ಡೆನ್ನಿಸ್ ಮ್ಯೂರೆನ್ ಅವರದು. ಯಾಂತ್ರಿಕ ಬೊಂಬೆಗಳು ಸ್ಟಾನ್ ವಿನ್‌ಸ್ಟನ್ ಅವರ ಸ್ಟುಡಿಯೊದವು. ಸದ್ದು ಕಟ್ಟಿದವರು ಗ್ಯಾರಿ ರೈಡ್‌ಸ್ಟ್ರಾಮ್. ಮೂವರೂ ಎರಡೂ ಚಿತ್ರಗಳಿಗೆ ಆಸ್ಕರ್ ಪಡೆದರು. ನಡುವಿನ ಅಂತರ ಎರಡೇ ವರ್ಷ. ಹಾಗಾಗಿ ‘ಇದರಲ್ಲಿ ತಂತ್ರಜ್ಞರು ಒಳ್ಳೆಯವರಿದ್ದರು, ಅದರಲ್ಲಿ ಇರಲಿಲ್ಲ’ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಬದಲಾದದ್ದು ನಿರ್ದೇಶಕರು. ಟರ್ಮಿನೇಟರ್ 2ರ ಜೇಮ್ಸ್ ಕ್ಯಾಮರಾನ್ ಮತ್ತು ಜುರಾಸಿಕ್ ಪಾರ್ಕ್‌ನ ಸ್ಟೀವನ್ ಸ್ಪೀಲ್‌ಬರ್ಗ್, ಅಂದಿನ ಕಂಪ್ಯೂಟರ್‌ಗೆ ಏನು ಸಾಧ್ಯವಿಲ್ಲವೋ ಅದನ್ನು ಹೇಗೆ ನಿಭಾಯಿಸಿದರು ಎಂಬುದರಲ್ಲೇ ಎರಡು ಚಿತ್ರಗಳ ವ್ಯತ್ಯಾಸವೆಲ್ಲ ಅಡಗಿದೆ.

ಹೋಲಿಸಿ ನೋಡಬೇಕೆನ್ನುವವರು ಪ್ರತಿ ಮುಖ್ಯ ದೃಶ್ಯವನ್ನು ಮೂರು ಬಗೆಯಲ್ಲಿ ನೋಡಿ. ಒಮ್ಮೆ ಹಾಗೇ, ಒಮ್ಮೆ ಸದ್ದು ಪೂರ್ತಿ ಆರಿಸಿ, ಒಮ್ಮೆ ಪರದೆಗೆ ಬೆನ್ನು ಹಾಕಿ ಬರೀ ಸದ್ದು ಕೇಳಿ. ಗ್ರಾಫಿಕ್ಸ್ ಶಾಟ್‌ಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರೆ ಸಾಲದು. ಅವು ಓಡುವಾಗ ಎಷ್ಟು ಹೊತ್ತು ಪರದೆಯ ಮೇಲಿರುತ್ತವೆ ಎಂಬುದೇ ಅರ್ಧ ಕಲೆ.

ಲೋಹವೇ ಯಾಕೆ, ಚರ್ಮ ಯಾಕಲ್ಲ

1989ರ ‘ದಿ ಅಬಿಸ್’ ಚಿತ್ರದಲ್ಲಿ ನೀರಿನ ಕಂಬವೊಂದು ನುಲಿಯುತ್ತ ಬಂದು ನಟಿಯ ಮುಖವನ್ನು ಅನುಕರಿಸುವ ದೃಶ್ಯವಿದೆ. ಗ್ರಾಫಿಕ್ಸ್ ಇದ್ದದ್ದು 75 ಸೆಕೆಂಡಿನಷ್ಟು ಮಾತ್ರ. ಅದನ್ನು ಮಾಡಿಸಿದವರು ಕ್ಯಾಮರಾನ್ ಅವರೇ. ಆಗಿನ ಕಂಪ್ಯೂಟರ್ ನುಣುಪಾದ, ಹೊಳೆಯುವ, ಸುತ್ತಲಿನದನ್ನು ಪ್ರತಿಫಲಿಸುವ ಮೇಲ್ಮೈಯನ್ನು ಚೆನ್ನಾಗಿ ಮಾಡುತ್ತಿತ್ತು. ಸುಕ್ಕು, ರೋಮ, ಬೆವರು, ಮೈಯ ಭಾರ ಇವೆಲ್ಲ ಅದಕ್ಕೆ ಕಷ್ಟ. ಕ್ಯಾಮರಾನ್ ಈ ಮಿತಿಯನ್ನೇ ಪಾತ್ರದ ಲಕ್ಷಣ ಮಾಡಿಬಿಟ್ಟರು. ಟಿ-1000 ದ್ರವಲೋಹದ ಕೊಲೆಗಾರ. ಅದು ಕ್ರೋಮ್ ಲೇಪಿಸಿದಂತೆ, ತೀರಾ ಕೃತಕವಾಗಿ ಕಂಡರೆ ತಪ್ಪೇನು? ಅದು ಇರುವುದೇ ಹಾಗೆ. ಮೂವತ್ತು ವರ್ಷ ದಾಟಿದರೂ ಆ ಶಾಟ್‌ಗಳು ಹಳತಾಗಿ ಕಾಣದಿರಲು ಈ ಒಂದು ಬರವಣಿಗೆಯ ನಿರ್ಧಾರ ಕಾರಣ.

137 ನಿಮಿಷದ ಚಿತ್ರದಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಇರುವುದು ಐದು ನಿಮಿಷದ ಆಸುಪಾಸು, ನಲವತ್ತಕ್ಕಿಂತ ಸ್ವಲ್ಪ ಹೆಚ್ಚು ಶಾಟ್‌ಗಳು. ಚಿತ್ರ ಮುಗಿದಾಗ ‘ಪೂರ್ತಿ ಗ್ರಾಫಿಕ್ಸ್’ ಅನ್ನಿಸುವುದಕ್ಕೆ ವಿನ್‌ಸ್ಟನ್ ತಂಡದ ಕೈಕೆಲಸವೇ ಕಾರಣ. ಟಿ-1000 ಎದೆಗೆ ಗುಂಡು ಬಿದ್ದಾಗ ಬೆಳ್ಳಿಯ ಹೂವಿನಂತೆ ತೆರೆದುಕೊಳ್ಳುವ ಗಾಯಗಳನ್ನು ಗಮನಿಸಿ. ಅವು ಫೋಮ್ ರಬ್ಬರಿನ ದಳಗಳು, ಮೇಲೆ ಲೋಹದ ಹೊಳಪು. ಮೊದಲೇ ಸೀಳಿಟ್ಟ ಸಮವಸ್ತ್ರದ ಕೆಳಗೆ ಮಡಿಸಿ ಕೂರಿಸಿ, ಸ್ಪ್ರಿಂಗ್ ಬಿಟ್ಟೊಡನೆ ಅರಳುವಂತೆ ಮಾಡಿದ್ದು. ಗುರುತು ಹಿಡಿಯಲು ಸುಲಭದ ಸೂತ್ರವಿದೆ: ಗಾಯ ತೆರೆಯುವಾಗ ರಬ್ಬರು, ಮುಚ್ಚಿಕೊಳ್ಳುವಾಗ ಕಂಪ್ಯೂಟರ್. ತೆರೆಯುವುದು ಒಂದು ಕ್ಷಣದ ಹೊಡೆತ, ಅಲ್ಲಿ ನಿಜವಾದ ವಸ್ತುವಿನ ಕುಲುಕಾಟ ಬೇಕು. ಮುಚ್ಚುವುದು ನಿಧಾನದ, ನುಣುಪಾದ ಚಲನೆ, ಅದು ಕಂಪ್ಯೂಟರ್‌ಗೆ ಹೇಳಿ ಮಾಡಿಸಿದ್ದು.

ಮಾನಸಿಕ ಆಸ್ಪತ್ರೆಯ ಕಂಬಿಗಳ ಮೂಲಕ ಟಿ-1000 ತೂರಿ ಬರುವ ಶಾಟ್ ಇಡೀ ಚಿತ್ರದಲ್ಲಿ ನನಗೆ ಅತಿ ಹೆಚ್ಚು ಮೆಚ್ಚುಗೆಯಾದದ್ದು. ಟಿ-1000 ಪಾತ್ರದ ನಟ ರಾಬರ್ಟ್ ಪ್ಯಾಟ್ರಿಕ್ ಅವರ ಚಿತ್ರೀಕರಿಸಿದ ಬಿಂಬವನ್ನು ಕಂಪ್ಯೂಟರಿನ ಮೂರು ಆಯಾಮದ ಮುಖದ ಮೇಲೆ ಅಂಟಿಸಿ, ಕಂಬಿ ತಾಗಿದಲ್ಲಿ ಆ ಮುಖವನ್ನು ಒಳಕ್ಕೆ ಎಳೆದಿದ್ದಾರೆ. ಮುಖವೇನೋ ಹಾದುಹೋಗುತ್ತದೆ. ಕೈಯಲ್ಲಿನ ಪಿಸ್ತೂಲು ಕಂಬಿಗೆ ಸಿಕ್ಕಿ ‘ಟಣ್’ ಎನ್ನುತ್ತದೆ. ಅವನು ಮಣಿಕಟ್ಟು ತಿರುಗಿಸಿ ಅದನ್ನು ಬಿಡಿಸಿಕೊಳ್ಳುತ್ತಾನೆ. ಈ ಪಿಸ್ತೂಲಿನ ಅಡಚಣೆಯನ್ನು ತೆಗೆದು ನೋಡಿ, ಶಾಟ್ ಬರೀ ಚಮತ್ಕಾರ. ಅದು ಇದ್ದಾಗ ಮೈ ದ್ರವ, ಆಯುಧ ಘನ ಎಂಬ ನಿಯಮ ಒಂದು ಮಾತಿಲ್ಲದೆ ತಲೆಗೆ ಇಳಿಯುತ್ತದೆ. ಮುಖ ತೂರುವ ಸದ್ದಿಗೆ ರೈಡ್‌ಸ್ಟ್ರಾಮ್ ಬಳಸಿದ್ದು ಡಬ್ಬಿಯಿಂದ ಜಾರಿ ಬೀಳುವ ನಾಯಿ ಆಹಾರದ ಸದ್ದು. ಸಿಂಥಸೈಜರ್‌ನ ಸದ್ದಾಗಿದ್ದರೆ ಇಷ್ಟು ಅಸಹ್ಯ ಹುಟ್ಟುತ್ತಿರಲಿಲ್ಲ.

ಕಂಪ್ಯೂಟರ್ ಬೇಡವಾದ ಕಡೆ ಕ್ಯಾಮರಾನ್ ಅದನ್ನು ಮುಟ್ಟಿಲ್ಲ. ಆಸ್ಪತ್ರೆಯ ಕಾವಲುಗಾರ ತನ್ನದೇ ರೂಪವನ್ನು ಎದುರು ಕಾಣುವ ದೃಶ್ಯಕ್ಕೆ ಡಾನ್ ಮತ್ತು ಡ್ಯಾನ್ ಸ್ಟಾಂಟನ್ ಎಂಬ ಅವಳಿ ನಟರನ್ನು ನಿಲ್ಲಿಸಿದರು. ಕೊನೆಯಲ್ಲಿ ಇಬ್ಬರು ಸಾರಾ ಕಾನರ್ (ಹುಡುಗನ ತಾಯಿ) ಬೇಕಾದಾಗ ಆ ಪಾತ್ರ ಮಾಡಿದ ಲಿಂಡಾ ಹ್ಯಾಮಿಲ್ಟನ್ ಅವರ ಅವಳಿ ಸಹೋದರಿ ಲೆಸ್ಲಿ ಬಂದರು. ಗ್ರಾಫಿಕ್ಸ್ ಮಾಡಿಸಿದ್ದರೆ ಅವೇ ದೃಶ್ಯಗಳು ಇಂದು ಮೊದಲು ಹಳಸುತ್ತಿದ್ದವು.

ಜುರಾಸಿಕ್ ಪಾರ್ಕ್‌ಗೆ ಲೋಹದ ಆಸರೆ ಇರಲಿಲ್ಲ. ಪ್ರಾಣಿಗೆ ಚರ್ಮ ಬೇಕು, ತೂಕ ಬೇಕು, ಅದು ಹಗಲಿನಲ್ಲೂ ನಿಲ್ಲಬೇಕು. ಸ್ಪೀಲ್‌ಬರ್ಗ್ ಅವರ ಮೊದಲ ಯೋಜನೆಯಲ್ಲಿ ಗ್ರಾಫಿಕ್ಸ್ ಡೈನೊಸಾರ್‌ಗಳೇ ಇರಲಿಲ್ಲ. ಹತ್ತಿರದ ಶಾಟ್‌ಗಳಿಗೆ ವಿನ್‌ಸ್ಟನ್ ಬೊಂಬೆಗಳು, ದೂರದ ಶಾಟ್‌ಗಳಿಗೆ ಫಿಲ್ ಟಿಪ್ಪೆಟ್ ಅವರ ಗೋ-ಮೋಷನ್, ಅಂದರೆ ಫ್ರೇಮ್ ಫ್ರೇಮಿಗೂ ಅಲುಗಿಸಿ ಚಿತ್ರೀಕರಿಸುವ ಪುಟ್ಟ ಬೊಂಬೆಗಳು. ಐಎಲ್‌ಎಂನ ಸ್ಟೀವ್ ವಿಲಿಯಮ್ಸ್ ತಾವಾಗಿಯೇ ಟಿ-ರೆಕ್ಸ್ ಎಂಬ ದೈತ್ಯ ಮಾಂಸಾಹಾರಿ ಡೈನೊಸಾರ್‌ನ ಅಸ್ಥಿಪಂಜರ ನಡೆಯುವ ಒಂದು ಪರೀಕ್ಷಾ ತುಣುಕು ಮಾಡಿದ ಮೇಲೆ ಲೆಕ್ಕ ಬದಲಾಯಿತು. ಟಿಪ್ಪೆಟ್ ಅವರನ್ನು ಕೈಬಿಡಲಿಲ್ಲ. ಪ್ರಾಣಿಯ ನಡಿಗೆ ಬಲ್ಲವರು ಅವರು, ಮೌಸ್ ಹಿಡಿದವರಿಗೆ ಆ ಅನುಭವವಿರಲಿಲ್ಲ. ಸಂಧಿ ಸಂಧಿಗೂ ಸೆನ್ಸರ್ ಕೂರಿಸಿದ ಲೋಹದ ಅಸ್ಥಿಪಂಜರವೊಂದನ್ನು ಮಾಡಿ, ಅದನ್ನು ಟಿಪ್ಪೆಟ್ ತಂಡ ಕೈಯಿಂದ ಅಲುಗಿಸಿದರೆ ಕಂಪ್ಯೂಟರಿನ ಡೈನೊಸಾರ್ ಹಾಗೆಯೇ ಅಲುಗುವಂತೆ ಮಾಡಿದರು. ಜುರಾಸಿಕ್ ಪಾರ್ಕ್‌ನ ಪ್ರಾಣಿಗಳಿಗೆ ಭಾರ ಬಂದದ್ದು ಇಲ್ಲಿಂದ. ನಂತರದ ದಶಕಗಳ ಎಷ್ಟೋ ಗ್ರಾಫಿಕ್ಸ್ ಪ್ರಾಣಿಗಳು ಗಾಳಿಯಲ್ಲಿ ತೇಲಿದಂತೆ ಕಾಣುವುದು, ಬೊಂಬೆ ಆಡಿಸಿದ ಕೈಗಳ ಈ ತಿಳಿವಳಿಕೆ ಜೊತೆಗಿಲ್ಲದ್ದಕ್ಕೆ.

127 ನಿಮಿಷದಲ್ಲಿ ಡೈನೊಸಾರ್‌ಗಳು ಕಾಣುವುದು ಒಟ್ಟು ಹದಿನೈದು ನಿಮಿಷದೊಳಗೆ. ಅದರಲ್ಲಿ ಹೆಚ್ಚಿನ ಪಾಲು ಬೊಂಬೆಗಳದು, ಕಂಪ್ಯೂಟರಿನದು ಆರು ನಿಮಿಷದಷ್ಟು.

ಮಳೆಯಲ್ಲಿ ನಿಂತ ಎರಡು ಕಾರುಗಳು

ಟಿ-ರೆಕ್ಸ್ ದಾಳಿಯ ದೃಶ್ಯ ಬರುವುದು ಚಿತ್ರ ಶುರುವಾಗಿ ಒಂದು ಗಂಟೆಯ ಆಸುಪಾಸಿಗೆ, ಅದರ ಆಹಾರಕ್ಕೆ ಆಡು ಕಟ್ಟಿದ ಆವರಣದ ಬೇಲಿಯ ಪಕ್ಕ ಉದ್ಯಾನ ನೋಡಲು ಬಂದವರ ಎರಡು ಕಾರುಗಳು ನಿಂತುಹೋದಾಗ. ಅದನ್ನು ವಾರ್ನರ್ ಬ್ರದರ್ಸ್‌ನ 16ನೇ ಸ್ಟೇಜಿನೊಳಗೆ, ಕೃತಕ ಮಳೆಯಲ್ಲಿ ಚಿತ್ರೀಕರಿಸಿದ್ದು. ವಿನ್‌ಸ್ಟನ್ ಕಟ್ಟಿದ ಟಿ-ರೆಕ್ಸ್ ಸುಮಾರು 20 ಅಡಿ ಎತ್ತರ, 40 ಅಡಿ ಉದ್ದ, ನಾಲ್ಕು ಟನ್ನಿಗೂ ಮಿಕ್ಕ ತೂಕದ ಹೈಡ್ರಾಲಿಕ್ ಯಂತ್ರ. ಮೇಲೆ ಫೋಮ್ ಲೇಟೆಕ್ಸ್ ಚರ್ಮ. ಯಂತ್ರದ ಚಲನೆಯನ್ನು ಹೊಂದಿಸಿದ್ದು ಒಣ ಚರ್ಮದ ತೂಕಕ್ಕೆ. ಮಳೆಯಲ್ಲಿ ಫೋಮ್ ನೀರು ಕುಡಿದು ತೂಕ ಏರಿತು, ತಲೆ ನಿಂತಲ್ಲಿ ನಿಲ್ಲದೆ ಗಡಗಡ ನಡುಗತೊಡಗಿತು. ಒಂದು ಟೇಕ್‌ನಿಂದ ಇನ್ನೊಂದಕ್ಕೆ ಹೋಗುವ ಮೊದಲು ಟವೆಲ್, ಬಿಸಿಗಾಳಿ ಹಿಡಿದು ಒಣಗಿಸಬೇಕಾಯಿತು. ಮಳೆಯಲ್ಲಿ ಯಾಂತ್ರಿಕ ಬೊಂಬೆ ಬಳಸುವ ಯಾರಿಗಾದರೂ ಇದು ಮೊದಲ ಪಾಠ: ನೀರು ಕುಡಿಯುವ ಚರ್ಮ ಹಾಕುವುದಾದರೆ ಮೋಟಾರು, ಪಂಪುಗಳ ಲೆಕ್ಕವನ್ನು ನೆನೆದ ತೂಕಕ್ಕೆ ಹಾಕಬೇಕು.

ಆದರೆ ಅದೇ ಮಳೆ, ಅದೇ ಕತ್ತಲೆ ಇಲ್ಲದಿದ್ದರೆ ದೃಶ್ಯವೇ ಇಲ್ಲ. ಒದ್ದೆ ಚರ್ಮ ಅಂಚುಗಳಲ್ಲಿ ಮಾತ್ರ ಹೊಳೆಯುತ್ತದೆ, ಉಳಿದದ್ದು ಕಪ್ಪು. ಬೊಂಬೆ ಎಲ್ಲಿ ಮುಗಿದು ಕಂಪ್ಯೂಟರ್ ಎಲ್ಲಿ ಶುರುವಾಯಿತು ಎಂಬ ಬೆಸುಗೆ ಆ ಕಪ್ಪಿನಲ್ಲಿ ಮುಚ್ಚಿಹೋಗುತ್ತದೆ. ಇಲ್ಲಿಯೂ ಸೂತ್ರವಿದೆ. ಮುಖ ಕಿಟಕಿಯ ಹತ್ತಿರ ಬಂದು ಉಸಿರು ಬಿಟ್ಟರೆ ಬೊಂಬೆ. ಪಾದ ನೆಲಕ್ಕೆ ತಾಗಿ ಇಡೀ ದೇಹ ಕಂಡರೆ ಕಂಪ್ಯೂಟರ್. ಬೇಲಿ ಹರಿದು ಹೊರಬಂದು ಎರಡು ಕಾರುಗಳ ನಡುವೆ ನಿಂತು ಗರ್ಜಿಸುವ ಶಾಟ್ ಕಂಪ್ಯೂಟರಿನದು. ಅದರ ಮುಂಚೆ ನಾವು ನೋಡಿದ್ದೆಲ್ಲ ತುಂಡುಗಳು: ಗ್ಲಾಸಿನ ನೀರು, ಕಾಣೆಯಾದ ಆಡು, ಕಾರಿನ ಗಾಜಿನ ಚಾವಣಿಗೆ ಬಂದು ಬಿದ್ದ ಆಡಿನ ಕಾಲು, ತಂತಿಯ ಮೇಲೆ ಪುಟ್ಟ ಕೈ. ಇಷ್ಟು ಕಾಯಿಸಿದ ಮೇಲೆ ಇಡೀ ಪ್ರಾಣಿ ಕಂಡಾಗ ಅದು ಗ್ರಾಫಿಕ್ಸೋ ಅಲ್ಲವೋ ಎಂದು ಯೋಚಿಸುವ ವ್ಯವಧಾನ ನೋಡುಗನಿಗೆ ಉಳಿದಿರುವುದಿಲ್ಲ.

ಗ್ಲಾಸಿನ ನೀರಿನಲ್ಲಿ ಏಳುವ ಉಂಗುರಗಳನ್ನು ತರಿಸಿದವರು ಮೈಕೆಲ್ ಲ್ಯಾಂಟಿಯೆರಿ. ಗ್ಲಾಸಿನ ಕೆಳಗಿನಿಂದ ಗಿಟಾರ್ ತಂತಿಯೊಂದನ್ನು ಕಾರಿನ ಅಡಿಯವರೆಗೆ ಬಿಗಿದು, ಕೆಳಗೆ ಮಲಗಿದವರು ಅದನ್ನು ಮೀಟಿದರು. ಕಾರು ಕುಲುಕಿಸಿದ್ದರೆ ನೀರು ಹೊಯ್ದಾಡುತ್ತಿತ್ತೇ ಹೊರತು ವೃತ್ತ ಮೂಡುತ್ತಿರಲಿಲ್ಲ. ಅಚ್ಚುಕಟ್ಟಾದ ಉಂಗುರಕ್ಕೆ ಒಂದೇ ಸ್ವರದ ಕಂಪನ ಬೇಕು. ಇಡೀ ಚಿತ್ರದ ಅತಿ ಅಗ್ಗದ ಎಫೆಕ್ಟ್ ಇದು, ಅತಿ ಹೆಚ್ಚು ನೆನಪಿರುವುದೂ ಇದೇ.

ಇನ್ನೊಂದು ಸಂಗತಿ ಸದ್ದು ಮಾತ್ರ ಕೇಳಿದಾಗ ಗೊತ್ತಾಗುತ್ತದೆ. ಜಾನ್ ವಿಲಿಯಮ್ಸ್ ಅವರಂಥ ಸಂಗೀತಗಾರ ಕೈಯಲ್ಲಿದ್ದೂ ಈ ದಾಳಿಗೆ ಹಿನ್ನೆಲೆ ಸಂಗೀತವಿಲ್ಲ. ಮಳೆ, ತಂತಿ ಹರಿಯುವ ಸದ್ದು, ಉಸಿರು, ಗರ್ಜನೆ, ಮಕ್ಕಳ ಕಿರುಚಾಟ, ಅಷ್ಟೇ. ಗರ್ಜನೆಯಲ್ಲಿ ಆನೆಮರಿ, ಹುಲಿ, ಮೊಸಳೆ ಜಾತಿಯ ಅಲಿಗೇಟರ್ ಮೂರೂ ಬೆರೆತಿವೆ. ಸಂಗೀತವಿದ್ದರೆ ಮುಂದೆ ಏನಾಗುತ್ತದೆಂದು ಅದೇ ಸುಳಿವು ಕೊಡುತ್ತಿತ್ತು. ಇಲ್ಲಿ ಸುಳಿವಿಲ್ಲ. ಟರ್ಮಿನೇಟರ್ 2ರಲ್ಲಿ ಬ್ರ್ಯಾಡ್ ಫೀಡೆಲ್ ಅವರ ಲೋಹ ಬಡಿದಂಥ ತಾಳ ಪ್ರತಿ ಬೆನ್ನಟ್ಟುವಿಕೆಯ ಕೆಳಗೂ ಇದೆ. ಅದು ಯಂತ್ರದ ಹೆಜ್ಜೆಯಾಗಿ ಚೆನ್ನಾಗಿಯೇ ಕೂರುತ್ತದೆ, ಆದರೆ ಭಯವನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ವೇಗವನ್ನು ಕಾಯುತ್ತದೆ. ಭಯದ ವಿಷಯದಲ್ಲಿ ಜುರಾಸಿಕ್ ಪಾರ್ಕ್‌ನ ಈ ಹತ್ತು ನಿಮಿಷಕ್ಕೆ ಸಮನಾದದ್ದು ಟರ್ಮಿನೇಟರ್ 2ರಲ್ಲಿ ಇಲ್ಲವೇ ಇಲ್ಲ.

ಕಾಲುವೆಯ ಲೆಕ್ಕ, ಪ್ರಪಾತದ ಲೆಕ್ಕ

ಆದರೆ ಅದೇ ದೃಶ್ಯದಲ್ಲಿ ದೊಡ್ಡ ತಪ್ಪೂ ಇದೆ. ಆಡು ಕಟ್ಟಿದ್ದ ಜಾಗ ರಸ್ತೆಯ ಮಟ್ಟದಲ್ಲೇ ಇತ್ತು. ಟಿ-ರೆಕ್ಸ್ ಅಲ್ಲಿಂದಲೇ ಹೆಜ್ಜೆ ಹಾಕಿ ಹೊರಬಂತು. ಕೆಲವೇ ನಿಮಿಷದ ಮೇಲೆ ಕಾರನ್ನು ಅದೇ ಬದಿಗೆ ತಳ್ಳಿದಾಗ ಅಲ್ಲಿ ಮರದ ತುದಿಯಷ್ಟು ಆಳದ ಪ್ರಪಾತ! ಆವರಣದ ಒಂದು ಭಾಗ ಮಾತ್ರ ಎತ್ತರದಲ್ಲಿತ್ತು, ಪಕ್ಕದಲ್ಲಿ ಕಂದಕವಿತ್ತು ಎಂದು ಸಮರ್ಥಿಸಬಹುದು. ಆದರೆ ಅದನ್ನು ತೋರಿಸುವ ಶಾಟ್ ಚಿತ್ರದಲ್ಲಿಲ್ಲ. ಕಾರು ನಿಂತಾಗಲೇ ಬದಿಯ ಇಳಿಜಾರು ಕಾಣುವ ಒಂದು ಅಗಲವಾದ ಶಾಟ್ ಇಟ್ಟಿದ್ದರೆ ಸಾಕಿತ್ತು.

ಈ ವಿಷಯದಲ್ಲಿ ಕ್ಯಾಮರಾನ್ ಮೇಷ್ಟ್ರು. ಲಾಸ್ ಏಂಜಲೀಸ್‌ನ ಕಾಂಕ್ರೀಟ್ ಕಾಲುವೆಯ ಬೆನ್ನಟ್ಟುವಿಕೆಯನ್ನು ಸದ್ದು ಆರಿಸಿ ನೋಡಿ. ಹುಡುಗ ಪುಟ್ಟ ಬೈಕಿನಲ್ಲಿ ಕಾಲುವೆಯ ತಳದಲ್ಲಿ. ಹಿಂದೆ ಸೇತುವೆಯಿಂದ ಧುಮುಕಿದ ಲಾರಿ. ಮೇಲಿನ ಅಂಚಿನಲ್ಲಿ ಹಾರ್ಲೆ ಬೈಕಿನ ಮೇಲೆ ಟರ್ಮಿನೇಟರ್, ಹುಡುಗನನ್ನು ಕಾಪಾಡಲು ಬಂದ ಯಂತ್ರ. ಮೂರು ಗೆರೆ, ಒಂದೇ ದಿಕ್ಕು. ಯಾವ ಫ್ರೇಮಿನಲ್ಲಿ ನಿಲ್ಲಿಸಿದರೂ ಯಾರು ಎಲ್ಲಿದ್ದಾರೆ, ಎಷ್ಟು ದೂರದಲ್ಲಿದ್ದಾರೆ ಎಂದು ಬೆರಳಿಟ್ಟು ಹೇಳಬಹುದು. ದಿಕ್ಕು ತಪ್ಪಬಾರದೆಂದು ಕೆಲವು ಶಾಟ್‌ಗಳನ್ನು ಎಡಬಲ ತಿರುಗಿಸಿದ್ದಾರೆ. ಹುಡುಕಿದರೆ ಉಲ್ಟಾ ಅಕ್ಷರಗಳೂ ಸಿಗುತ್ತವೆ. ಅಕ್ಷರ ಉಲ್ಟಾ ಆದರೂ ಪರವಾಗಿಲ್ಲ, ದಿಕ್ಕು ಉಲ್ಟಾ ಆಗಬಾರದು ಎಂಬ ಆಯ್ಕೆ ಸರಿಯಾದದ್ದೇ. ಲಾರಿಯ ಎತ್ತರಕ್ಕೆ ಒಂದು ಸೇತುವೆ ಸಾಲದೆಂದು ತಿಳಿದಾಗ ಅವರು ಜಾಗ ಬದಲಿಸಲಿಲ್ಲ, ಲಾರಿಯ ತಲೆಯನ್ನೇ ಸೇತುವೆಗೆ ಸಿಕ್ಕಿಸಿ ಹಾರಿಸಿಬಿಟ್ಟರು. ಅದರಿಂದ ಚಾಲಕನ ಸೀಟಿನಲ್ಲಿ ಕೂತ ಟಿ-1000 ಮುಖ ನಿಚ್ಚಳವಾಗಿ ಕಾಣುವಂತಾಯಿತು. ಬೈಕು ಕಾಲುವೆಗೆ ಹಾರುವ ಶಾಟ್‌ನಲ್ಲಿ ಬೈಕನ್ನು ಕೇಬಲ್‌ಗಳಿಂದ ಹಿಡಿದಿದ್ದು, ಆ ಕೇಬಲ್‌ಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಿದರು. ಟಿ-1000 ಅಬ್ಬರದ ನಡುವೆ ಯಾರ ಕಣ್ಣಿಗೂ ಬೀಳದ ಈ ಅಳಿಸುವ ಕೆಲಸವೇ ಮುಂದೆ ಎಲ್ಲ ಚಿತ್ರರಂಗಗಳಲ್ಲೂ ನಿತ್ಯದ ಬಳಕೆಗೆ ಬಂತು.

ತಪ್ಪು ಇಲ್ಲೂ ಇದೆ. ಕಾಲುವೆಗೆ ಬಿದ್ದ ಲಾರಿಯ ಮುಂಗಾಜು ಕಳಚಿ ಬೀಳುತ್ತದೆ, ಮುಂದೆ ಮತ್ತೆ ತನ್ನ ಜಾಗದಲ್ಲಿರುತ್ತದೆ. 2017ರ 3ಡಿ ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದರು. ಗಾಜಿನ ತಪ್ಪು ಕಣ್ಣಿಗೆ ಬಿದ್ದರೂ ಕಥೆಗೆ ತಾಗದು. ಪ್ರಪಾತದ ತಪ್ಪು ಹಾಗಲ್ಲ, ಎಲ್ಲಿದ್ದೇವೆಂಬುದೇ ತಿಳಿಯದೆ ನೋಡುಗ ಒಂದು ಕ್ಷಣ ಚಿತ್ರದಿಂದ ಹೊರಗೆ ಬೀಳುತ್ತಾನೆ.

ಕ್ಯಾಮರಾನ್ ನಿಜವಾದ ವಸ್ತುವನ್ನು ನಂಬಿದ ಪರಿ ಕೊನೆಯವರೆಗೂ ಇದೆ. ಹೆದ್ದಾರಿಯ ಸೇತುವೆಯ ಅಡಿಯಲ್ಲಿ ಹೆಲಿಕಾಪ್ಟರ್ ತೂರುವುದು ನಿಜ, ನಡೆಸಿದವರು ಚಕ್ ಟ್ಯಾಂಬುರೋ. ಕ್ಯಾಮೆರಾ ತಂಡ ಹಿಂಜರಿದದ್ದರಿಂದ ಕ್ಯಾಮರಾನ್ ತಾವೇ ಅದನ್ನು ಸೆರೆಹಿಡಿದರು. ಕಥೆಯಲ್ಲಿ ಬರುವ ಸೈಬರ್‌ಡೈನ್ ಕಂಪನಿಯ ಕಟ್ಟಡ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ನಿಜವಾದ ಕಚೇರಿ ಕಟ್ಟಡ. ಕೊನೆಯ ಉಕ್ಕಿನ ಕಾರ್ಖಾನೆ ಫಾಂಟಾನಾದಲ್ಲಿ ಮುಚ್ಚಿಹೋಗಿದ್ದ ಕೈಸರ್ ಸ್ಟೀಲ್. ಅಲ್ಲಿ ಕುದಿಯುವ ಲೋಹ ಹನಿಯಷ್ಟೂ ಇರಲಿಲ್ಲ, ಬೆಳಕಿನಿಂದಲೇ ಕುಲುಮೆ ಉರಿಸಿದ್ದಾರೆ. ಸಾರಾ ಕನಸಿನ ಅಣುಸ್ಫೋಟದಲ್ಲಿ ನಗರ ಪುಡಿಯಾಗುವುದು ಸ್ಕೋಟಾಕ್ ಸಹೋದರರ ಪುಟ್ಟ ಮಾದರಿಗಳ ಕೆಲಸ. ಗಾಳಿಯ ತೋಪುಗಳಿಂದ ಅವನ್ನು ಊದಿ ಬೀಳಿಸಿದರು. ಸಣ್ಣ ಅಳತೆಯಲ್ಲಿ ಕಾಂಕ್ರೀಟ್ ಒಡೆದಂತೆ ಕಾಣಲು ಕಟ್ಟಡಗಳ ಒಳಗೆ ಮಾಟ್ಸೋ ಎಂಬ ಯಹೂದಿಗಳ ಒಣ ರೊಟ್ಟಿ, ಗೋಧಿಯ ಉಪಾಹಾರದ ಬಿಸ್ಕತ್ತು ತುಂಬಿದ್ದರು. ಪ್ಲಾಸ್ಟರ್ ಒಡೆದರೆ ದೊಡ್ಡ ಹೆಂಟೆಗಳಾಗಿ ಉದುರಿ ಮಾದರಿಯ ಗಾತ್ರ ಬಯಲಾಗುತ್ತದೆ. ಒಣ ರೊಟ್ಟಿ ಚೂರುಚೂರಾಗಿ ಹಾರುತ್ತದೆ.

ಚಿತ್ರಕಥೆಯಲ್ಲಿ ಯಾರು ಮೇಲು

ಇಲ್ಲಿ ನನಗೆ ಸಂಶಯವಿಲ್ಲ, ಟರ್ಮಿನೇಟರ್ 2. ಕ್ಯಾಮರಾನ್ ಮತ್ತು ವಿಲಿಯಂ ವಿಶರ್ ಬರೆದ ಮೊದಲ ಅರ್ಧ ಗಂಟೆಯಲ್ಲಿ ಇಬ್ಬರು ಭವಿಷ್ಯದಿಂದ ಬರುತ್ತಾರೆ. ಒಬ್ಬ ಬೈಕರ್‌ಗಳನ್ನು ಬಡಿದು ಬಟ್ಟೆ ಕಿತ್ತುಕೊಂಡ ದೈತ್ಯ, ಇನ್ನೊಬ್ಬ ಪೊಲೀಸ್ ಸಮವಸ್ತ್ರದ ತೆಳ್ಳನೆಯ ಮನುಷ್ಯ. ಮಾಲ್‌ನ ಹಿಂದಿನ ಓಣಿಯಲ್ಲಿ ಇಬ್ಬರೂ ಹುಡುಗನ ಎರಡು ಬದಿಗೆ ನಿಲ್ಲುವವರೆಗೆ ಕಾಪಾಡಲು ಬಂದವನು ಯಾರು, ಕೊಲ್ಲಲು ಬಂದವನು ಯಾರು ಎಂದು ಚಿತ್ರ ಬಾಯಿ ಬಿಡುವುದಿಲ್ಲ. ಪ್ರಚಾರದ ಟ್ರೇಲರ್‌ಗಳೇ ಆ ಗುಟ್ಟನ್ನು ಹಾಳು ಮಾಡಿದವು. ಮನೆಯಲ್ಲಿ ಹೊಸಬರಿಗೆ ತೋರಿಸುವಾಗ ಏನೂ ಹೇಳದೆ ತೋರಿಸಿ, ಓಣಿಯ ದೃಶ್ಯ ಬೇರೆಯೇ ಆಗುತ್ತದೆ.

ಮುಂದೆ ಹುಡುಗ ಜಾನ್ ಯಂತ್ರದಿಂದ ಯಾರನ್ನೂ ಕೊಲ್ಲೆನೆಂಬ ಮಾತು ಪಡೆಯುತ್ತಾನೆ. ತಕ್ಷಣ ಅದು ಆಸ್ಪತ್ರೆಯ ಕಾವಲುಗಾರನ ಮೊಣಕಾಲಿಗೆ ಗುಂಡು ಹಾಕಿ ‘ಬದುಕುತ್ತಾನೆ’ ಎನ್ನುತ್ತದೆ. ಸೈಬರ್‌ಡೈನ್ ಹೊರಗೆ ಸಾವಿರಾರು ಗುಂಡು ಹಾರಿಸಿದ ಮೇಲೆ ಅದರ ಕಣ್ಣಿನ ಪರದೆಯಲ್ಲಿ ಸತ್ತವರ ಲೆಕ್ಕ ಸೊನ್ನೆ ಎಂದು ತೋರುತ್ತದೆ. ಒಂದು ಮಾತು, ಅದರ ಮೂರು ಮೆಟ್ಟಿಲು. ಹೀಗೆ ಕಟ್ಟಿದ್ದರಿಂದಲೇ ಕೊನೆಯಲ್ಲಿ ಅಳು ಬರುವುದು. ಸಾರಾಳ ನಿರೂಪಣೆ ಮಾತ್ರ ಕೆಲವು ಕಡೆ ಹೆಚ್ಚಾಯಿತು. ಹುಡುಗನಿಗೆ ಈ ಯಂತ್ರವೇ ತಂದೆಯಾದ ಬಗೆಯನ್ನು ಚಿತ್ರ ತೋರಿಸಿ ಆಗಿದೆ, ಅದನ್ನೇ ಆಕೆ ಮತ್ತೆ ಬಾಯಿಮಾತಿನಲ್ಲಿ ಹೇಳುತ್ತಾಳೆ.

ಮೈಕೆಲ್ ಕ್ರೈಟನ್ ಮತ್ತು ಡೇವಿಡ್ ಕೆಪ್ ಬರೆದ ಜುರಾಸಿಕ್ ಪಾರ್ಕ್‌ನಲ್ಲಿ ಸಣ್ಣ ನೇಯ್ಗೆಗಳು ಸೊಗಸಾಗಿವೆ. ಹೆಲಿಕಾಪ್ಟರಿನಲ್ಲಿ ಡೈನೊಸಾರ್ ತಜ್ಞ ಗ್ರಾಂಟ್ ಕೈಗೆ ಸೀಟ್ ಬೆಲ್ಟಿನ ಎರಡೂ ಹೆಣ್ಣು ಕೊಂಡಿಗಳೇ ಸಿಗುತ್ತವೆ, ಅವನು ಗಂಟು ಹಾಕಿ ಸುಧಾರಿಸುತ್ತಾನೆ. ಡೈನೊಸಾರ್‌ಗಳೆಲ್ಲ ಹೆಣ್ಣೇ ಇದ್ದ ದ್ವೀಪದಲ್ಲಿ ಮೊಟ್ಟೆಗಳು ಸಿಗುವುದಕ್ಕೆ ಅದು ಮುನ್ಸೂಚನೆ. ರಾಪ್ಟರ್ ಎಂಬ ಚುರುಕಾದ ಬೇಟೆಯ ಡೈನೊಸಾರ್ ಎದುರಿನಿಂದಲ್ಲ, ಪಕ್ಕದಿಂದ ಎರಗುತ್ತದೆ ಎಂದು ಶುರುವಿನಲ್ಲೇ ಅವನು ಒಬ್ಬ ಹುಡುಗನನ್ನು ಹೆದರಿಸುತ್ತಾನೆ. ಬೇಟೆಗಾರ ಮಲ್ಡೂನ್ ಸಾಯುವುದು ಹಾಗೆಯೇ. ಆದರೆ ಕಾಯಿಲೆ ಬಿದ್ದ ಟ್ರೈಸೆರಟಾಪ್ಸ್ ಕಥೆಯನ್ನು ಎಳೆದು ನಡುವೆ ಕೈಬಿಟ್ಟಿದ್ದಾರೆ, ಕಾರಣ ಕೊನೆಗೂ ತಿಳಿಯುವುದಿಲ್ಲ. ಕೊನೆಯ ದೃಶ್ಯದಲ್ಲಿ ಟಿ-ರೆಕ್ಸ್ ಕಟ್ಟಡದೊಳಗೆ ಬಂದು ರಾಪ್ಟರ್ ಹಿಡಿಯುವಾಗ ಒಂದು ಹೆಜ್ಜೆಯ ಸದ್ದೂ ಕೇಳಿರಲಿಲ್ಲ. ದೂರದ ಹೆಜ್ಜೆಗೇ ನೀರಿನಲ್ಲಿ ಉಂಗುರ ಎಬ್ಬಿಸಿದ ಪ್ರಾಣಿ ಅದು! ಈ ಮುಕ್ತಾಯ ಕೆಲಸ ಸಾಕಷ್ಟು ಸಾಗಿದ ಮೇಲೆ ಬದಲಿಸಿ ಸೇರಿಸಿದ್ದು. ನೋಡಲು ಭವ್ಯ, ಆದರೆ ಚಿತ್ರ ತಾನೇ ಹಾಕಿಕೊಂಡ ನಿಯಮವನ್ನು ತಾನೇ ಮುರಿದಿದೆ.

ಅಡುಗೆಮನೆಯ ದೃಶ್ಯಕ್ಕೆ ಮಾತ್ರ ಪೂರ್ಣ ಅಂಕ. ರಾಪ್ಟರ್‌ಗಳು ಒಮ್ಮೆ ಬೊಂಬೆ, ಒಮ್ಮೆ ಒಳಗೆ ಮನುಷ್ಯನಿರುವ ವೇಷ, ಒಮ್ಮೆ ಕಂಪ್ಯೂಟರ್. ಬಾಗಿಲಿನ ದುಂಡು ಗಾಜಿಗೆ ಉಸಿರಿನ ಮಂಜು ಕಟ್ಟುವುದನ್ನು ನೋಡಿ. ಸ್ಟೀಲ್ ಕಪಾಟಿನಲ್ಲಿ ಕಂಡ ಹುಡುಗಿಯ ಪ್ರತಿಬಿಂಬಕ್ಕೆ ರಾಪ್ಟರ್ ಡಿಕ್ಕಿ ಹೊಡೆಯುವುದು ಜಾಗದ ವಸ್ತುಗಳಿಂದಲೇ ಹುಟ್ಟಿದ ತಿರುವು. ಇದಾದ ಮೇಲೆ ಚಾವಣಿಯಿಂದ ಹುಡುಗಿ ಜಾರುವ ಶಾಟ್‌ನಲ್ಲಿ ಸಾಹಸ ಕಲಾವಿದೆಯ ಮುಖದ ಮೇಲೆ ನಟಿ ಅರಿಯಾನಾ ರಿಚರ್ಡ್ಸ್ ಮುಖವನ್ನು ಕಂಪ್ಯೂಟರಿನಲ್ಲಿ ಕೂರಿಸಿದ್ದಾರೆ. 1993ರಲ್ಲಿ!

ಹಗಲಿನ ಬ್ರಾಕಿಯೊಸಾರಸ್, ಬಯಲಿನಲ್ಲಿ ಓಡುವ ಗಲ್ಲಿಮೈಮಸ್ ಹಿಂಡು ಇಂದು ಸ್ವಲ್ಪ ಮಾಸಿವೆ. ಬಿಸಿಲಿನಲ್ಲಿ ಚರ್ಮ ತೀರ ಸಮವಾಗಿ ಕಾಣುತ್ತದೆ.

ಪ್ರತಿ, ಪರದೆ, ಸ್ಪೀಕರ್

ಥಿಯೇಟರಿನ ಡಿಜಿಟಲ್ ಸದ್ದು ಕಣ್ಣು ಬಿಡುತ್ತಿದ್ದ ಕಾಲ ಅದು. ಟರ್ಮಿನೇಟರ್ 2ರ ಕೆಲವು ಪ್ರಿಂಟ್‌ಗಳು ಸಿಡಿಎಸ್ ಪದ್ಧತಿಯಲ್ಲಿ ಬಂದವು. ಅದರಲ್ಲಿ ಫಿಲ್ಮಿನ ಮೇಲೆ ಹಳೆಯ ಅನಲಾಗ್ ಟ್ರ್ಯಾಕಿನ ಜಾಗವನ್ನೇ ಡಿಜಿಟಲ್ ದತ್ತಾಂಶ ಆಕ್ರಮಿಸಿತ್ತು. ಅದು ಕೈಕೊಟ್ಟರೆ ಬದಲಿ ಇಲ್ಲ, ಸದ್ದೇ ನಿಂತಿತು. ಜುರಾಸಿಕ್ ಪಾರ್ಕ್‌ನೊಂದಿಗೆ ಬಂದ ಡಿಟಿಎಸ್ ಪದ್ಧತಿಯಲ್ಲಿ ಸದ್ದು ಬೇರೆ ಸಿಡಿಗಳಲ್ಲಿ, ಫಿಲ್ಮಿನ ಮೇಲೆ ಸಮಯದ ಗುರುತು ಮಾತ್ರ, ಪಕ್ಕದಲ್ಲಿ ಅನಲಾಗ್ ಟ್ರ್ಯಾಕ್ ಹಾಗೇ. ಸಿಡಿ ತಪ್ಪಿದರೆ ತಾನಾಗಿಯೇ ಅನಲಾಗಿಗೆ ಜಾರುತ್ತದೆ. ಸಿಡಿಎಸ್ ಬೇಗ ಕಣ್ಮರೆಯಾಗಿ ಡಿಟಿಎಸ್ ನಿಂತದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ದೇಶದಲ್ಲಿ ಜುರಾಸಿಕ್ ಪಾರ್ಕ್ 1994ರಲ್ಲಿ ಹಿಂದಿಗೆ ಡಬ್ ಆಗಿ ದೊಡ್ಡ ಯಶಸ್ಸು ಕಂಡಿತು. ಕನ್ನಡದಲ್ಲಿ ಡಬ್ಬಿಂಗ್‌ಗೆ ಅಘೋಷಿತ ತಡೆ ಇದ್ದ ಕಾಲವದು. ಹಾಗಾಗಿ ಬೇರೆ ಭಾಷೆಯಲ್ಲೇ ನೋಡಬೇಕಾಯಿತು. ಮಾತು ಅರ್ಥವಾಗದೆಯೂ ಕೊನೆಯವರೆಗೆ ಕೂರಿಸುವ ಶಕ್ತಿ ಎರಡಕ್ಕೂ ಇದೆ, ಟರ್ಮಿನೇಟರ್ 2ಕ್ಕೆ ಒಂದು ಹಿಡಿ ಹೆಚ್ಚು. ಕಂಪ್ಯೂಟರ್ ಕೋಡಿನ ವಿಷಯ, ಡಿಎನ್‌ಎ ವಿಷಯ ಮಾತಿನಲ್ಲೇ ಹೇಳಬೇಕಾದ ಭಾರ ಜುರಾಸಿಕ್ ಪಾರ್ಕ್‌ನ ಮೊದಲ ಗಂಟೆಯ ಮೇಲಿದೆ.

ಮಕ್ಕಳಿಗೆ ತೋರಿಸುವುದಾದರೆ ಅಮೆರಿಕದಲ್ಲಿ ಜುರಾಸಿಕ್ ಪಾರ್ಕ್‌ಗೆ ಪಿಜಿ-13 (ಹದಿಮೂರರೊಳಗಿನವರ ಪೋಷಕರಿಗೆ ಎಚ್ಚರಿಕೆ), ಟರ್ಮಿನೇಟರ್ 2ಕ್ಕೆ ಆರ್ (ಹದಿನೇಳರೊಳಗಿನವರು ದೊಡ್ಡವರ ಜೊತೆ ಮಾತ್ರ) ಸರ್ಟಿಫಿಕೇಟ್. ಹತ್ತು ಹನ್ನೆರಡರ ಮಗುವಿಗೆ ಮೊದಲನೆಯದು ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಆಗಬಹುದು. ಎರಡನೆಯದು ಬೇಡ. ಗುಂಡು ರಕ್ತಕ್ಕಿಂತ ಸಾರಾಳ ಅಣುಸ್ಫೋಟದ ಕನಸು, ಆಟದ ಮೈದಾನದಲ್ಲಿ ಮಕ್ಕಳು ಸುಟ್ಟು ಬೂದಿಯಾಗುವುದು, ಅದೇ ರಾತ್ರಿ ಕಾಡುತ್ತದೆ.

ಟರ್ಮಿನೇಟರ್ 2ರ 4ಕೆ ಡಿಸ್ಕ್ ಕೊಳ್ಳುವ ಮುಂಚೆ ಒಂದು ಎಚ್ಚರಿಕೆ. ಅದು 2017ರ 3ಡಿ ಮರುಬಿಡುಗಡೆಗೆ ಸಿದ್ಧಪಡಿಸಿದ ಪ್ರತಿಯಿಂದ ಬಂದದ್ದು. ಫಿಲ್ಮಿನ ಗ್ರೇನ್ (ಸಹಜವಾದ ಸಣ್ಣ ಕಾಳುಕಾಳು) ಅನ್ನು ವಿಪರೀತ ಒರೆಸಿ ಮುಖಗಳ ರಂಧ್ರ, ಸುಕ್ಕು ಮಾಯವಾಗಿವೆ. ಗಟ್ಟಿ ಚರ್ಮಕ್ಕೂ ದ್ರವಲೋಹಕ್ಕೂ ಇರಬೇಕಾದ ವ್ಯತ್ಯಾಸದ ಮೇಲೆ ನಿಂತ ಚಿತ್ರಕ್ಕೆ ಇದು ದೊಡ್ಡ ನಷ್ಟ. ಹಳೆಯ ಬ್ಲೂ-ರೇ ಸಿಕ್ಕರೆ ಅದೇ ವಾಸಿ. ಜುರಾಸಿಕ್ ಪಾರ್ಕ್‌ನ 4ಕೆ ಪ್ರತಿಯಲ್ಲಿ ಮಳೆಯ ದೃಶ್ಯದ ಕಪ್ಪು ಚೆನ್ನಾಗಿ ಉಳಿದಿದೆ. ಆದರೆ ಟಿವಿಯ ಬ್ರೈಟ್‌ನೆಸ್ ಏರಿಸಬೇಡಿ, ಚಲನೆಯನ್ನು ನುಣುಪು ಮಾಡುವ ಮೋಷನ್ ಸ್ಮೂತಿಂಗ್ ಸೌಲಭ್ಯವನ್ನು ಆರಿಸಿ. ಬ್ರೈಟ್‌ನೆಸ್ ಏರಿದರೆ ಮೇಲೆ ಹೇಳಿದ ಬೆಸುಗೆಗಳೆಲ್ಲ ಬಯಲಾಗುತ್ತವೆ.

ಟರ್ಮಿನೇಟರ್ 2ಕ್ಕೆ 15 ನಿಮಿಷದಷ್ಟು ಹೆಚ್ಚು ಉದ್ದದ ಇನ್ನೊಂದು ಆವೃತ್ತಿಯೂ ಇದೆ. ಮೊದಲ ಸಲಕ್ಕೆ ಥಿಯೇಟರ್ ಆವೃತ್ತಿಯೇ ಬಿಗಿ. ಎರಡನೇ ಸಲ ಉದ್ದದ್ದನ್ನು ಹಾಕಿ, ಟರ್ಮಿನೇಟರ್ ತಲೆಯಿಂದ ಚಿಪ್ ತೆಗೆಯುವ ದೃಶ್ಯಕ್ಕಾಗಿ. ಕನ್ನಡಿಯ ಮುಂದೆ ಸಾರಾ ಅವನ ತಲೆಯನ್ನು ಬಿಚ್ಚುತ್ತಾಳೆ, ಕ್ಯಾಮೆರಾ ಹಿಂದಿನಿಂದ ನೋಡುತ್ತದೆ, ಕನ್ನಡಿಯಲ್ಲಿ ಕ್ಯಾಮೆರಾ ಕಾಣುವುದಿಲ್ಲ. ಅಲ್ಲಿ ಕನ್ನಡಿಯೇ ಇಲ್ಲ, ಗೋಡೆಯಲ್ಲಿ ಕಿಂಡಿ. ಈಚೆ ಕಡೆ ಬೆನ್ನು ತೋರಿಸಿ ಕೂತದ್ದು ಟರ್ಮಿನೇಟರ್ ಪಾತ್ರದ ನಟ ಶ್ವಾರ್ಜನೆಗರ್ ಅವರನ್ನು ಹೋಲುವ ಬೊಂಬೆ, ಅದರ ತಲೆಯಲ್ಲಿ ಕೈಯಾಡಿಸುತ್ತಿರುವುದು ಲೆಸ್ಲಿ. ಕಿಂಡಿಯ ಆಚೆ ನಮಗೆ ಮುಖ ಮಾಡಿ ಕೂತದ್ದು ನಿಜವಾದ ನಟ, ಪಕ್ಕದಲ್ಲಿ ಲಿಂಡಾ, ಅದೇ ಚಲನೆಗಳನ್ನು ತಿರುಗಿಸಿ ಮಾಡುತ್ತ. ಇಬ್ಬರು ಸಹೋದರಿಯರ ಕೈಗಳನ್ನು ಮಾತ್ರ ನೋಡುತ್ತ ಹೋಗಿ, ತಾಳ ಎಲ್ಲೂ ತಪ್ಪಿದ್ದು ಕಾಣುವುದಿಲ್ಲ.

ಒಂದನ್ನೇ ಆರಿಸಬೇಕೆಂದರೆ ನನ್ನ ಆಯ್ಕೆ ಟರ್ಮಿನೇಟರ್ 2. ಒಂದೇ ದೃಶ್ಯ ಆರಿಸಬೇಕೆಂದರೆ ಮಳೆಯಲ್ಲಿ ನಿಂತ ಎರಡು ಕಾರುಗಳು. ಎರಡನ್ನೂ ಒಂದೇ ದಿನ ನೋಡುವವರು ಟರ್ಮಿನೇಟರ್ 2 ಮೊದಲು ಹಾಕಿಕೊಳ್ಳಿ. ಸಂಗೀತವಿಲ್ಲದ ಆ ಹತ್ತು ನಿಮಿಷ ಕೇಳಿದ ಕಿವಿಗೆ ಆಮೇಲೆ ಫೀಡೆಲ್ ಅವರ ತಾಳ ಅಗತ್ಯಕ್ಕಿಂತ ಜೋರಾಗಿ ಕೇಳುತ್ತದೆ.